ಬೈಕಿನ ಹಿಂದೆ ಕೂತು ಹೊಳೆ ದಾಟುವಾಗ



ಮಾವಿನಮಿಡಿಗೆ ಬೂಷ್ಟು ಬಂತು, ಸೊಸೆ ಮಾತು ಬಿಟ್ಟಳು, ಮಗ ಪರೀಕ್ಷೆಯ ಹೊತ್ತಿಗೆ ಓದುತ್ತಿಲ್ಲ ಎಂಬ ಪತ್ರಗಳ ನಡುವೆ ಈ ಸಲ ಒಂದು ಬೇರೆಯೇ ಥರದ ಪತ್ರ ಬಂದಿದೆ. ಬರೆದವರು ಹಾವೇರಿ ಜಿಲ್ಲೆಯ ಓದುಗಿ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರ ಹೀಗಿದೆ:

"ಅಕ್ಕಾ, ನನಗೆ ನಲವತ್ತಾರು ವರ್ಷ. ಮಕ್ಕಳಿಬ್ಬರೂ ಓದು ಮುಗಿಸಿ ಊರು ಬಿಟ್ಟಿದ್ದಾರೆ. ನಮ್ಮ ಮನೆಯವರು ಹೊಸಾ ಮೋಟಾರ್ ಸೈಕಲ್ ತಗೊಂಡು ಆರು ತಿಂಗಳಾತು. ಡಿಸೆಂಬರಿನಾಗ ಕುಮಟಾದಿಂದ ಕರಾವಳಿ ಹಿಡಿದು ಮುಂಬೈಯ ನಾದಿನಿ ಮನೀತನಕ ಬೈಕಿನ ಮ್ಯಾಲೇ ಹೋಗೋಣು ಅಂತಾರೆ. ಬೈಕಿನ ಅಂಜಿಕೆ ನನಗಿಲ್ಲ. ಆದರೆ ದಾರಿಯಲ್ಲಿ ಐದಾರು ಕಡೆ ಬೈಕ್ ಸಮೇತ ಹೊಳೆ ದಾಟಬೇಕಂತ. ನೀರು ಕಂಡರ ನನಗ ಕೈಕಾಲು ಥಂಡಾ ಆಗತಾವ. ಈಜು ಬರೂದಿಲ್ಲ. ನಮ್ಮ ಅತ್ತೆಯವರು ಕಾರವಾರದ ದೋಣಿ ಮುಳುಗಿದ್ದನ್ನ ನೆನಸಿಕೊಂಡು ಬ್ಯಾಡೇ ಬ್ಯಾಡ ಅಂತಾರೆ. ಇವರು ನಕ್ಕು, ಹತ್ತು ನಿಮಿಷದ ಹೊಳೀಗೆ ಇಷ್ಟು ಅಂಜತೀಯಲ್ಲ ಅಂತಾರೆ. ಯಾರ ಮಾತು ಕೇಳಲಿ?"

ತಂಗೀ, ಮೊದಲು ಒಂದು ಮಾತು. ಹೋಗಿ ಬಾ. ನಲವತ್ತಾರಕ್ಕೆ ಗಂಡನೊಂದಿಗೆ ಹೊಸ ದಾರಿ ನೋಡುವ ಯೋಗ ಎಲ್ಲರಿಗೂ ಬರುವುದಿಲ್ಲ. ಆದರೆ ಅತ್ತೆಯವರ ಮಾತನ್ನು ಮೂಲೆಗೆ ಸರಿಸಿ ಹೋಗಬೇಡ. ನಿನ್ನ ಅಂಜಿಕೆಯನ್ನೂ ಮನೆಯಲ್ಲಿ ಬಿಟ್ಟು ಹೋಗಬೇಡ. ಅದನ್ನು ಜೊತೆಗೇ ಕರೆದುಕೊಂಡು ಹೋಗು. ಹೇಗೆ ಎಂದು ಹೇಳುತ್ತೇನೆ.

ನಿಮ್ಮವರು ಹೇಳಿದ ದಾರಿ ಯಾವುದೆಂದು ನನಗೆ ಗೊತ್ತು. ಮೂರು ವರ್ಷದ ಹಿಂದೆ ನಾನೂ ನಮ್ಮವರೂ ಅದೇ ದಾರಿಯಲ್ಲಿ ಹೋಗಿದ್ದೆವು. ಕುಮಟಾದಿಂದ ಅಘನಾಶಿನಿ ಎಂಬ ಹಳ್ಳಿಗೆ ಹೋದರೆ ಅದೇ ಹೆಸರಿನ ಹೊಳೆ ಅಡ್ಡ ಬರುತ್ತದೆ. ಆಚೆ ದಡ ತದಡಿ, ಅಲ್ಲಿಂದ ಗೋಕರ್ಣ ಹತ್ತಿರ. ನಂತರ ಅಂಕೋಲಾ, ಕಾರವಾರ ದಾಟಿ ಗೋವಾ. ಗೋವಾದ ಉತ್ತರ ತುದಿಯಲ್ಲಿ ಕೇರಿ ಎಂಬ ಊರಿನಿಂದ ತೆರೆಖೋಲ್ ಕೋಟೆಯ ದಡಕ್ಕೆ ಸರ್ಕಾರದ ಫೆರಿ. ಅಲ್ಲಿಂದ ಮಹಾರಾಷ್ಟ್ರದ ರೇಡಿ, ವೆಂಗುರ್ಲಾ, ಮಾಲ್ವಣ, ರತ್ನಾಗಿರಿ. ರತ್ನಾಗಿರಿ ದಾಟಿದ ಮೇಲೆ ನಾಲ್ಕು ದೊಡ್ಡ ಕಡಲಕವಲುಗಳು ಒಂದರ ಹಿಂದೊಂದು ಬರುತ್ತವೆ. ಜಯಗಡದಿಂದ ತವಸಾಳ, ಧೋಪಾವೆಯಿಂದ ದಾಭೋಳ, ವೇಸವಿಯಿಂದ ಬಾಗಮಾಂಡಲೆ, ದಿಘಿಯಿಂದ ಆಗರದಾಂಡಾ. ಕೊನೆಗೆ ಮಾಂಡವಾದಿಂದ ಮುಂಬೈಯ ಭಾವೂಚಾ ಧಕ್ಕಾಕ್ಕೆ ದೊಡ್ಡ ಹಡಗು. ಇದು 2020ರ ಮಾರ್ಚಿನಲ್ಲಿ ಶುರುವಾದದ್ದು. ರಸ್ತೆಯಲ್ಲಿ ನೂರು ಕಿಲೋಮೀಟರಿಗೂ ಮೀರಿದ ಸುತ್ತನ್ನು ಸುಮಾರು ಒಂದು ಗಂಟೆಯಲ್ಲಿ ಮುಗಿಸುತ್ತದೆ.

ಊರಿಗೊಂದು ಹೆಸರು ಇದಕ್ಕೆ. ಶರಾವತಿ ಕಡೆ ಲಾಂಚು ಅಂದರು, ತದಡಿಯಲ್ಲಿ ಬಾರ್ಜು ಅಂದರು, ಗೋವಾದಿಂದ ಆಚೆ ಫೆರಿ. ನಮ್ಮ ಕರಾವಳಿಯ ಹಳಬರ ಬಾಯಲ್ಲಿ ತಾರಿ. ಹೆಸರು ಯಾವುದಾದರೂ ರೂಪ ಒಂದೇ. ಅಗಲವಾದ ಚಪ್ಪಟೆ ತಳ, ಮುಂದೆ ಬಾಗಿಲಿನ ಹಾಗೆ ಕೆಳಗಿಳಿಯುವ ಕಬ್ಬಿಣದ ಹಲಗೆ. ಅದು ಧಕ್ಕೆಗೆ ತಾಗಿದ ಕೂಡಲೇ ಕಾರು, ಬೈಕು, ಮೀನಿನ ಬುಟ್ಟಿ, ಶಾಲೆ ಮಕ್ಕಳು, ಹಾಲಿನ ಕ್ಯಾನು, ಎಲ್ಲವೂ ಒಟ್ಟಿಗೇ ಒಳಗೆ. ಕಡಲಕವಲು ದಾಟಲು ಹತ್ತಿಪ್ಪತ್ತು ನಿಮಿಷ. ಅಷ್ಟೇ.

ಈಗ ಅಂಜಿಕೆಯ ಮಾತು.

ನಿಮ್ಮ ಅತ್ತೆಯವರು ನೆನಸಿಕೊಂಡದ್ದು 2019ರ ಜನವರಿ 21ರ ಸಂಗತಿ. ಕಾರವಾರದ ಹತ್ತಿರದ ಕೂರ್ಮಗಡ ನಡುಗಡ್ಡೆಯ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮುಳುಗಿ 16 ಮಂದಿ ತೀರಿಕೊಂಡರು. ಅವರಲ್ಲಿ ನಿಮ್ಮ ಜಿಲ್ಲೆಯವರೂ ಇದ್ದರು. ಆದ್ದರಿಂದ ಅತ್ತೆಯವರ 'ಬ್ಯಾಡ' ಎನ್ನುವುದು ಹಳೇ ಕಾಲದ ಮುದುಕಿಯ ಮೂಢತನವಲ್ಲ. ಅದರ ಹಿಂದೆ ಅಳು ಇದೆ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಸಂಜೆ ವಿಹಾರದ ದೋಣಿ ಮಗುಚಿ 22 ಜನ ಹೋದರು, ಹೆಚ್ಚಿನವರು ಮಕ್ಕಳು. ಅದಕ್ಕೂ ಮೊದಲು 2009ರ ಸೆಪ್ಟೆಂಬರ್ 30ರಂದು ತೆಕ್ಕಡಿಯ ಕೆರೆಯಲ್ಲಿ 45 ಪ್ರವಾಸಿಗರು. ಅಲ್ಲಿ ದಡದ ಕಾಡುಪ್ರಾಣಿ ನೋಡಲು ಜನ ಒಂದೇ ಪಕ್ಕಕ್ಕೆ ಸರಿದರು ಎಂದು ಆಗ ವರದಿಯಾಗಿತ್ತು.

ಇವನ್ನೆಲ್ಲ ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ ತಂಗೀ. ಇಂಥ ದುರಂತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡು. ಬಿರುಗಾಳಿ ಎದ್ದು ಬಂದು ಮುಳುಗಿಸಿದ್ದು ಕಡಿಮೆ. ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದು, ಜಾಕೆಟ್ ಇಲ್ಲದ್ದು ಅಥವಾ ಇದ್ದೂ ತೊಡದಿದ್ದದ್ದು, ಹೊತ್ತು ಮೀರಿ ಹೊರಟದ್ದು, ಎಲ್ಲರೂ ಒಂದೇ ಕಡೆಗೆ ನುಗ್ಗಿದ್ದು, ಇವೇ ಮತ್ತೆ ಮತ್ತೆ ಕಾಣುತ್ತವೆ. ಇವೆಲ್ಲ ದಡದಲ್ಲಿ ನಿಂತು ನೋಡಿದರೆ ಕಣ್ಣಿಗೆ ಬೀಳುವಂಥವು. ಹೊಳೆಯೊಳಗೆ ಏನಾಗುತ್ತದೋ ನಮಗೆ ಗೊತ್ತಿಲ್ಲ, ಆದರೆ ಹತ್ತುವ ಮೊದಲು ನೋಡಬೇಕಾದ್ದು ನಮ್ಮ ಕೈಯಲ್ಲಿದೆ.

ವಾಹನ ಸಾಗಿಸುವ ಫೆರಿಗೂ ಪ್ರವಾಸಿಗರನ್ನು ಹತ್ತಿಸಿ ತಿರುಗಿಸುವ ಸಣ್ಣ ದೋಣಿಗೂ ವ್ಯತ್ಯಾಸವಿದೆ. ಫೆರಿಯ ತಳ ಅಗಲ. ಭಾರವೆಲ್ಲ ಕೆಳಗೆ ಇರುತ್ತದೆ. ಅಡುಗೆಮನೆಯಲ್ಲಿ ಅಗಲ ಪರಾತವನ್ನು ನೀರಿನ ಮೇಲೆ ತೇಲಿಬಿಟ್ಟರೆ ಅಷ್ಟು ಸುಲಭಕ್ಕೆ ಮಗುಚುವುದಿಲ್ಲ, ಉದ್ದನೆಯ ಲೋಟ ತಟಕ್ಕನೆ ಅಡ್ಡಬೀಳುತ್ತದೆ, ಅಲ್ಲವೇ? ಮಹಡಿ ಕಟ್ಟಿದ ಸಣ್ಣ ದೋಣಿಯ ಮೇಲ್ಭಾಗದಲ್ಲಿ ಜನ ತುಂಬಿದರೆ ಅದು ಲೋಟದ ಹಾಗೆ. ಹಾಗಾಗಿ ನಿನ್ನ ದಾರಿಯ ಫೆರಿಗಳು ಆ ಮುಳುಗಿದ ದೋಣಿಗಳ ಜಾತಿಯವಲ್ಲ. ಹಾಗೆಂದು ಕಣ್ಣು ಮುಚ್ಚಿ ಹತ್ತಬೇಕಿಲ್ಲ.

ಧಕ್ಕೆಗೆ ಬಂದಾಗ ನೀನು ಕೇಳಬೇಕಾದ ಪ್ರಶ್ನೆಗಳು ಮೂರು. ಎಷ್ಟು ಜನ, ಎಷ್ಟು ಗಾಡಿ ಹಿಡಿಸುತ್ತದೆ? ಜಾಕೆಟ್ ಎಲ್ಲಿದೆ? ಕೊನೆಯ ಟ್ರಿಪ್ ಎಷ್ಟಕ್ಕೆ? ಕೇಳಲು ನಾಚಿಕೆ ಬೇಡ. ಇಂಜಿನ್ ಇರುವ ಇಂಥ ದೋಣಿಗಳಿಗೆ ನೋಂದಣಿ, ತಪಾಸಣೆಯ ಪ್ರಮಾಣಪತ್ರ, ಜೀವರಕ್ಷಕ ಸಾಮಾನು ಇರಬೇಕೆಂದು 2021ರ ಒಳನಾಡು ಹಡಗುಗಳ ಕಾಯಿದೆ ಹೇಳುತ್ತದೆ. ತರಕಾರಿ ಅಂಗಡಿಯಲ್ಲಿ ತಕ್ಕಡಿ ನೋಡುವವರು ನಾವು. ಜೀವದ ವಿಷಯದಲ್ಲಿ ಯಾಕೆ ಸುಮ್ಮನಿರಬೇಕು?

ಉತ್ತರ ಮನಸ್ಸಿಗೆ ಸಮಾಧಾನ ತರದಿದ್ದರೆ 'ಇದು ಬೇಡ, ಮುಂದಿನದಕ್ಕೆ ಹೋಗೋಣ' ಎನ್ನು. ಈ ಅಂಕಣದಲ್ಲಿ ಇವತ್ತು ನಾನು ಹೇಳಬೇಕೆಂದಿರುವ ಮುಖ್ಯ ಮಾತೇ ಇದು. ಬೈಕಿನ ಹಿಂದೆ ಕೂತವಳು ಸಾಮಾನಿನ ಗಂಟಲ್ಲ. ಪ್ರಯಾಣ ಇಬ್ಬರದು, ಹೊಳೆಯೂ ಇಬ್ಬರದು. ಹ್ಯಾಂಡಲ್ ಒಬ್ಬರ ಕೈಯಲ್ಲಿದ್ದರೂ 'ಬೇಡ' ಎನ್ನುವ ಹಕ್ಕು ಇಬ್ಬರಿಗೂ ಇದೆ. ಹೊರಡುವ ಮೊದಲು ಮನೆಯಲ್ಲೇ, ಊಟಕ್ಕೆ ಕೂತಾಗ, ಇದೊಂದು ಕರಾರು ಮಾಡಿಕೊಳ್ಳಿ. ಇಬ್ಬರಲ್ಲಿ ಒಬ್ಬರು ಬೇಡ ಎಂದರೆ ಆ ದೋಣಿ ಹತ್ತುವುದಿಲ್ಲ. ಯಾಕೆ ಎಂದು ದಡದಲ್ಲಿ ವಾದ ಇಲ್ಲ, ರಾತ್ರಿ ಮಲಗುವಾಗ ಕುಟುಕುವುದೂ ಇಲ್ಲ.

ನಮ್ಮದೇ ಒಂದು ಸಂಗತಿ ಹೇಳುತ್ತೇನೆ. ಆ ಪ್ರವಾಸದಲ್ಲಿ ಒಂದು ಕಡಲಕವಲಿನ ದಡಕ್ಕೆ ಬರುವ ಹೊತ್ತಿಗೆ ಸೂರ್ಯ ಇಳಿಯುತ್ತಿದ್ದ. ಫೆರಿಯ ಇಂಜಿನ್ ಕೆಟ್ಟಿದೆ, ಇವತ್ತು ಇನ್ನು ಹೋಗುವುದಿಲ್ಲ ಎಂದರು. ಅಷ್ಟರಲ್ಲಿ ಒಬ್ಬ ಬಂದು, ಎರಡು ಹಲಗೆ ಹಾಕಿ ಬೈಕನ್ನು ಮೀನಿನ ದೋಣಿಗೆ ಏರಿಸಿ ಆಚೆ ಬಿಡುತ್ತೇನೆ ಎಂದ. ಆಚೆ ದಡದಲ್ಲಿ ನಮಗೆ ಕೋಣೆ ಗೊತ್ತಾಗಿತ್ತು, ಮುಂಗಡವೂ ಕೊಟ್ಟಾಗಿತ್ತು. ನಮ್ಮವರಿಗೆ ಮನಸ್ಸಾಯಿತು. "ಹತ್ತೇ ನಿಮಿಷ ಕಣೇ" ಎಂದರು. ನಾನು ದೋಣಿಯೊಳಗೆ ಇಣುಕಿದೆ. ಜಾಕೆಟ್ ಇಲ್ಲ, ದೀಪ ಇಲ್ಲ, ಬದಿಯ ಹಲಗೆ ಮೊಣಕಾಲಷ್ಟೂ ಎತ್ತರವಿಲ್ಲ. "ನಾನು ಬರೋಲ್ಲ, ನೀವೂ ಹೋಗಬೇಡಿ" ಎಂದೆ. ನಮ್ಮ ಕಣ್ಣೆದುರೇ ಇಬ್ಬರು ಹುಡುಗರು ತಮ್ಮ ಬೈಕ್ ಏರಿಸಿಕೊಂಡು ಹೋದರು. ಸುಖವಾಗಿ ಆಚೆ ಮುಟ್ಟಿ ಕೈಯನ್ನೂ ಬೀಸಿದರು.

"ನೋಡು, ದಾಟಿದರಲ್ಲ" ಎಂದು ಅವರಿಗೆ ಸಿಟ್ಟು. ಮುಂಗಡದ ಹಣ ಹೋಯಿತು. ಹತ್ತು ಕಿಲೋಮೀಟರ್ ಹಿಂದೆ ಬಂದು, ದೇವಸ್ಥಾನದ ಪಕ್ಕದ ಒಂದು ಮನೆಯಲ್ಲಿ ಜಾಗ ಕೇಳಿ ಮಲಗಿದೆವು. ಮನೆಯಾಕೆ ಬಿಸಿ ಅನ್ನಕ್ಕೆ ಕೋಕಂ ಸಾರು ಬಡಿಸಿದರು. ಬೆಳಿಗ್ಗೆ ರಿಪೇರಿಯಾದ ಫೆರಿಯಲ್ಲಿ ದಾಟಿದೆವು. ನಮ್ಮವರು ಅರ್ಧ ದಿನ ಮಾತಾಡಲಿಲ್ಲ, ಆಮೇಲೆ ಮಾತಾಡಿದರು. ಆ ಹುಡುಗರು ಮುಳುಗಲಿಲ್ಲ ಎಂಬುದರಿಂದ ನನ್ನ 'ಬೇಡ' ತಪ್ಪಾಗಲಿಲ್ಲ. ಗ್ಯಾಸಿನ ನಲ್ಲಿ ತಿರುಗಿಸದೆ ಮಲಗಿದವರ ಮನೆಗಳಿಗೆಲ್ಲ ಬೆಂಕಿ ಬೀಳುವುದಿಲ್ಲ. ಆದರೂ ನಾವು ದಿನವೂ ತಿರುಗಿಸಿಯೇ ಮಲಗುತ್ತೇವೆ.

ಇನ್ನು ಹತ್ತಿ ಇಳಿಯುವ ಕ್ರಮ. ಇದನ್ನು ಕತ್ತರಿಸಿ ಚೀಲದಲ್ಲಿ ಇಟ್ಟುಕೊಳ್ಳಬಹುದು.

1. ಧಕ್ಕೆಯ ಇಳಿಜಾರು ಶುರುವಾಗುವ ಮೊದಲೇ ಬೈಕಿನಿಂದ ಇಳಿ. ಇಳಿಜಾರಿನ ಕೆಳಭಾಗದಲ್ಲಿ ಪಾಚಿ ಕಟ್ಟಿರುತ್ತದೆ, ಕಬ್ಬಿಣದ ಹಲಗೆ ಒದ್ದೆಯಾಗಿರುತ್ತದೆ. ಒಬ್ಬರೇ ಇದ್ದರೆ ಬೈಕ್ ಹಗುರ, ಹತ್ತಿಸುವವರಿಗೂ ಸಲೀಸು. ನೀನು ಬದಿಯಲ್ಲಿ ನಿಧಾನ ನಡೆದು ಹೋಗು. ಚಪ್ಪಲಿ ಹಿಡಿತ ಇರುವಂಥದ್ದಾಗಿರಲಿ.

2. ಸೀರೆಯಾದರೆ ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿ, ಸೆರಗು ಬಿಗಿದುಕೋ. ಚೂಡಿದಾರವಾದರೆ ವೇಲ್ ಗಂಟು ಹಾಕು. ಫೆರಿಯೊಳಗೆ ಬೈಕುಗಳು ಒತ್ತೊತ್ತಾಗಿ ನಿಂತಿರುತ್ತವೆ, ಸೈಲೆನ್ಸರ್ ಕಾದಿರುತ್ತದೆ. ಕಾಲು ಸುಟ್ಟುಕೊಳ್ಳುವುದು ಅಲ್ಲೇ.

3. ಬೈಕನ್ನು ಸಿಬ್ಬಂದಿ ತೋರಿಸಿದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಗೇರಿನಲ್ಲೇ ಬಿಟ್ಟು, ಪಕ್ಕದ ಸ್ಟ್ಯಾಂಡ್ ಹಾಕಲಿ. ನಿಮ್ಮವರು ಪಕ್ಕದಲ್ಲೇ ಹಿಡಿದು ನಿಲ್ಲಲಿ. ಬೈಕಿನ ಮೇಲೆ ಕೂತುಕೊಂಡು ದಾಟುವುದು ಬೇಡ. ಫೆರಿ ಧಕ್ಕೆಗೆ ತಾಗುವಾಗ ಒಂದು ಕುಲುಕು ಬರುತ್ತದೆ.

4. ಹೆಲ್ಮೆಟ್ ತೆಗೆ. ಬೆನ್ನಿನ ಚೀಲ ತೆಗೆದು ಕೆಳಗಿಡು. ಅಕಸ್ಮಾತ್ ನೀರಿಗೆ ಬಿದ್ದರೆ ಎರಡೂ ಭಾರ, ಎರಡೂ ಶತ್ರು.

5. ಜಾಕೆಟ್ ತೊಟ್ಟರೆ ಮುಂದಿನ ಪಟ್ಟಿಗಳನ್ನೆಲ್ಲ ಬಿಗಿ. ಹೆಗಲಿಗೆ ಸುಮ್ಮನೆ ನೇತುಹಾಕಿಕೊಂಡ ಜಾಕೆಟ್ ನೀರಿನಲ್ಲಿ ಮುಖದ ಮೇಲಕ್ಕೆ ಸರಿಯುತ್ತದೆ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು.

6. ನಡುಭಾಗದಲ್ಲಿ ನಿಲ್ಲು. ತಲೆ ಸುತ್ತಿದರೆ ಕೆಳಗಿನ ನೀರು ನೋಡಬೇಡ, ದೂರದ ದಡ ನೋಡು. ಎಲ್ಲರೂ ಫೋಟೋಕ್ಕೆಂದು ಒಂದೇ ಪಕ್ಕಕ್ಕೆ ಹೋದರೆ ನೀನು ಹೋಗಬೇಡ.

7. ಮುಂದಿನ ಹಲಗೆ ಪೂರ್ತಿ ದಡಕ್ಕೆ ಕೂರುವ ತನಕ ಇಂಜಿನ್ ಶುರು ಮಾಡುವುದು ಬೇಡ, ನುಗ್ಗುವುದೂ ಬೇಡ. ದಡ ಎಲ್ಲಿಗೂ ಓಡಿಹೋಗುವುದಿಲ್ಲ.

8. ಲೈಸೆನ್ಸ್, ಗಾಡಿ ಕಾಗದ, ಔಷಧಿ, ಸ್ವಲ್ಪ ಚಿಲ್ಲರೆ ಹಣ, ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟದ ಚೀಲದಲ್ಲಿ ಇಡು.

ಮುಂಬೈಗೆ ಹೋಗುವ ದೊಡ್ಡ ಹಡಗಿನ ರೀತಿ ಸ್ವಲ್ಪ ಬೇರೆ. ಗಾಡಿಗಳು ಕೆಳಗಿನ ಅಂತಸ್ತಿನಲ್ಲಿ, ಜನ ಮೇಲಿನ ಅಂತಸ್ತಿನಲ್ಲಿ. ಹಬ್ಬ, ರಜೆಯ ದಿನಗಳಲ್ಲಿ ಜಾಗ ಸಿಗುವುದು ಕಷ್ಟ, ಮೊದಲೇ ಟಿಕೆಟ್ ಮಾಡಿಸಿ.

ಯಾವ ಹೊತ್ತಿಗೆ ದಾಟಬೇಕು ಎಂಬುದಕ್ಕೆ ನಿಮ್ಮ ಮನೆಯ ಗೋಡೆಯ ಪಂಚಾಂಗವೇ ಸಾಕು. ಸಮುದ್ರಕ್ಕೆ ಹತ್ತಿರದ ಹೊಳೆಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಸುಮಾರು ಆರು ಗಂಟೆಗೊಮ್ಮೆ ನೀರು ಏರುತ್ತದೆ ಅಥವಾ ಇಳಿಯುತ್ತದೆ, ಮರುದಿನ ಅದೇ ಉಬ್ಬರ ಮುಕ್ಕಾಲು ಗಂಟೆಗೂ ಮೀರಿ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಈ ಏರಿಳಿತ ಹೆಚ್ಚು. ಆಗ ಇಳಿತದ ಹೊತ್ತಿಗೆ ಧಕ್ಕೆಯ ಪಾಚಿ ಹಿಡಿದ ಭಾಗ ಹೊರಬೀಳುತ್ತದೆ, ಇಳಿಜಾರೂ ಕಡಿದಾಗುತ್ತದೆ. ಅಷ್ಟಮಿಯ ಸುಮಾರಿಗೆ ಏರಿಳಿತ ಕಡಿಮೆ. ಒಂದೆರಡು ದಿನ ಹೆಚ್ಚುಕಡಿಮೆ ಮಾಡಿಕೊಳ್ಳಲು ಸಾಧ್ಯವಾದರೆ ಒಳ್ಳೆಯದು, ಆಗದಿದ್ದರೆ ಧಕ್ಕೆಯಲ್ಲಿ ಅರ್ಧ ಗಂಟೆ ಕಾದರಾಯಿತು. ಡಿಸೆಂಬರ್ ಆರಿಸಿದ್ದು ಜಾಣತನ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಯನ್ನೇ ನಿಲ್ಲಿಸುತ್ತಾರೆ. ಕಡಲಿನವರೇ ದೋಣಿ ಎಳೆದಿಟ್ಟ ಕಾಲದಲ್ಲಿ ಬಯಲುಸೀಮೆಯ ನಾವು ಹೊಳೆಬಾಯಿಗೆ ಹೋಗುವುದು ಬೇಡ.

ಸಾಯಂಕಾಲದ ಕೊನೆಯ ಫೆರಿಯನ್ನು ನಂಬಿ ಹೊರಡಬೇಡಿ. ಅದಕ್ಕಿಂತ ಒಂದೆರಡು ಟ್ರಿಪ್ ಮೊದಲೇ ಧಕ್ಕೆ ಮುಟ್ಟುವ ಹಾಗೆ ಲೆಕ್ಕ ಹಾಕಿ. ಅವಸರದಲ್ಲಿ ಬಂದವರೇ ಕೈಗೆ ಸಿಕ್ಕ ದೋಣಿ ಹತ್ತುವುದು.

ಕಾಯುವುದು ಬೇಸರ ಎನ್ನಬೇಡ. ಬೈಕಿನಲ್ಲಿ ಹೋಗುವಾಗ ಊರುಗಳು ಹಿಂದೆ ಸರಿಯುತ್ತವೆ, ಮುಖಗಳು ಕಾಣುವುದಿಲ್ಲ. ಧಕ್ಕೆಯಲ್ಲಿ ಮಾತ್ರ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಅಘನಾಶಿನಿಯ ದಡದಲ್ಲಿ ನಾವು ನಿಂತಾಗ ಪಕ್ಕದಲ್ಲಿ ಹೊಳೆಯ ಚಿಪ್ಪು ಆಯ್ದು ಬಂದ ಹೆಂಗಸರಿದ್ದರು. ಇಳಿತದ ಹೊತ್ತಿಗೆ ಸೊಂಟದ ತನಕ ನೀರಿಗಿಳಿದು ಕೆಸರಿನಿಂದ ಬಳಚು ತೆಗೆಯುವುದು ಅವರ ಕೆಲಸ. ಅಣೆಕಟ್ಟು ಕಾಣದ ಹೊಳೆ ಅದು. ದಡದ ಗಜನಿ ಗದ್ದೆಗಳಲ್ಲಿ ಉಪ್ಪು ನೀರನ್ನೂ ತಡೆದು ಬೆಳೆಯುವ ಕಗ್ಗ ಭತ್ತ ಇದೆ, ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ ಇದೆ. ಕಗ್ಗದ ಅಕ್ಕಿ ಗಂಜಿಗೆ ಚೆನ್ನ ಎಂದೂ, ಅದರ ಜೊತೆ ಏನು ನಂಜಿಕೊಳ್ಳಬೇಕೆಂದೂ ಅವರಲ್ಲೊಬ್ಬಳು ನನಗೆ ಹೇಳಿಕೊಟ್ಟಳು. ನನಗೆ ಹೊಳೆಯ ಅಂಜಿಕೆ ಎಂದಾಗ ನಗಲಿಲ್ಲ. "ಹೆದರ್ಕಿ ನಮ್ಗೂ ಇತ್ತು. ಅದ್ಕೇ ಮೋಡ ನೋಡ್ಕಂಡೇ ಇಳಿತು" ಎಂದಳು. ದಿನವೂ ನೀರಿಗಿಳಿಯುವವಳೇ ಹೀಗೆ ಹೇಳಿದ ಮೇಲೆ, ವರ್ಷಕ್ಕೊಮ್ಮೆ ದಾಟುವವರು ಅಂಜುವುದರಲ್ಲಿ ನಾಚಿಕೆ ಏನಿದೆ?

ಇಂಥವರ ಮಾತು ಬಂತೆಂದು ಶರಾವತಿಯ ಹಿನ್ನೀರಿನ ಹೆಂಗಸರನ್ನೂ ನೆನೆಯಬೇಕು. ನಮಗೆ ಹೊಳೆ ದಾಟುವುದು ಒಂದು ದಿನದ ಸಂಭ್ರಮ. ಅವರಿಗೆ ಅದು ಅರವತ್ತು ವರ್ಷದ ಬದುಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಸಾಗರ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಮುಳುಗಿದವು. ಉಳಿದ ಕರೂರು, ತುಮರಿ ಕಡೆಯ ಊರುಗಳು ನೀರಿನಾಚೆ ನಡುಗಡ್ಡೆಯಂತಾದವು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಲಾಂಚೇ ಅವರಿಗೆ ಸಾಗರದ ಬಾಗಿಲು. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಬಾಗಿಲು ಮುಚ್ಚಿದ ಹಾಗೆ. ರಾತ್ರಿ ಹೆರಿಗೆ ನೋವು ಬಂದವಳಿಗೆ, ಜ್ವರದ ಮಗುವನ್ನು ಎತ್ತಿಕೊಂಡ ತಾಯಿಗೆ ಆ ನೀರು ಎಷ್ಟು ಅಗಲ ಕಂಡಿರಬೇಕು, ಯೋಚಿಸಿ. ಬೇಸಿಗೆಯ ಕೊನೆಗೆ ನೀರು ತೀರ ಇಳಿದರೆ ಗಾಡಿ ಹತ್ತಿಸುವುದನ್ನೇ ನಿಲ್ಲಿಸಬೇಕಾಗುತ್ತಿತ್ತು. ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತು ಹೋದ ನಾವು ಲಾಂಚಿನಲ್ಲಿ ಫೋಟೋ ತೆಗೆಸಿಕೊಂಡು ಬಂದೆವು, ಅವರು ದಿನವೂ ಅದೇ ಸಾಲಿನಲ್ಲಿ ನಮ್ಮ ಕಾರುಗಳ ಹಿಂದೆ ಕಾದರು.

2025ರ ಜುಲೈ 14ರಂದು ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ತೂಗು ತಂತಿಯ ಸೇತುವೆ ತೆರೆಯಿತು. ಲಾಂಚಿನ ಮಜಾ ಹೋಯಿತಲ್ಲ ಎಂದು ಪೇಟೆಯವರು ಹೇಳುವುದನ್ನು ನಾನು ಕೇಳಿದ್ದೇನೆ. ಮಜಾ ನಮಗಿತ್ತು, ಕಾಯುವುದು ಅವರಿಗಿತ್ತು. ಕೊಂಕಣದ ಕಡಲಕವಲುಗಳ ಮೇಲೂ ರೇವಸ್ ರೇಡಿ ಕರಾವಳಿ ರಸ್ತೆಯ ಸೇತುವೆಗಳು ಬರಲಿವೆ. ಆಗ ನಿನ್ನ ಹಾಗೆ ಹೋಗುವವರಿಗೆ ಫೆರಿ ಸಿಗಲಿಕ್ಕಿಲ್ಲ. ಬೇಸರವಾದರೂ ಆ ಊರಿನ ಬಾಣಂತಿಯರ ಲೆಕ್ಕದಲ್ಲಿ ಅದು ಒಳ್ಳೆಯದೇ. ಹಾಗೆಂದು ಸೇತುವೆ ಬಂದರೆ ದೋಣಿಯ ಋಣ ತೀರಿತು ಎನ್ನುವಂತೆಯೂ ಇಲ್ಲ. ಗೋವಾದ ಪಣಜಿಯಲ್ಲಿ 1986ರ ಜುಲೈ 5ರಂದು ಮಾಂಡೋವಿ ಸೇತುವೆ ಕುಸಿದಾಗ ಜನರನ್ನು ದಾಟಿಸಲು ಮತ್ತೆ ಫೆರಿಗಳೇ ಬೇಕಾದವು. ಕಾರವಾರದ ಕಾಳಿ ಹೊಳೆಯ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದದ್ದನ್ನು ನೀವೆಲ್ಲ ಪತ್ರಿಕೆಯಲ್ಲಿ ಓದಿದ್ದೀರಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಮಾತು ನಮ್ಮಲ್ಲಿದೆ. ಆದರೆ ಅಂಬಿಗರ ಚೌಡಯ್ಯನನ್ನು ಶರಣರ ಸಾಲಿನಲ್ಲಿ ಕೂರಿಸಿದ ನಾಡೂ ನಮ್ಮದೇ. ತುಂಗಭದ್ರೆಯ ದಂಡೆಯ ಚೌಡದಾನಪುರ ನಿನ್ನ ಜಿಲ್ಲೆಯಲ್ಲೇ ಇದೆಯಲ್ಲ ತಂಗೀ. ಫೆರಿಯಿಂದ ಇಳಿಯುವಾಗ ಹಗ್ಗ ಎಸೆದ ಹುಡುಗನಿಗೆ 'ಬರ್ತೀವಪ್ಪಾ' ಎಂದು ಒಂದು ಮಾತು ಹೇಳಿ ಇಳಿ.

ಬುತ್ತಿಯ ವಿಷಯ ಬರೆಯದಿದ್ದರೆ ನಮ್ಮ ಅಂಕಣ ಆದೀತೇ? ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ ನೀನು ಹೇಗೂ ಕಟ್ಟಿಕೊಳ್ಳುತ್ತೀ. ಹೊಟ್ಟೆ ತೊಳಸುವವರಿಗೆಂದು ನಮ್ಮ ಮನೆಯ ಶುಂಠಿ ಉಂಡೆ ಹೇಳುತ್ತೇನೆ. ಅರ್ಧ ಬಟ್ಟಲು ಬಿಳಿ ಎಳ್ಳನ್ನು ಹದವಾಗಿ ಹುರಿದು, ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡು. ಅರ್ಧ ಬಟ್ಟಲು ಪುಡಿ ಬೆಲ್ಲ, ಎರಡು ಚಹದ ಚಮಚ ಒಣಶುಂಠಿ ಪುಡಿ, ಎರಡು ಏಲಕ್ಕಿ, ಚಿಟಿಕೆ ಉಪ್ಪು ಸೇರಿಸು. ಎರಡು ಚಮಚ ಬೆಚ್ಚಗಿನ ತುಪ್ಪ ಹಾಕಿ ಕೈಯಲ್ಲಿ ಚೆನ್ನಾಗಿ ಮಿದ್ದು, ನೆಲ್ಲಿಕಾಯಿಗಿಂತ ಚಿಕ್ಕದಾಗಿ ಉಂಡೆ ಕಟ್ಟು. ಪಾಕದ ಗೊಡವೆ ಇಲ್ಲ. ಧಕ್ಕೆಯಲ್ಲಿ ಕಾಯುವಾಗ ಒಂದು ಬಾಯಿಗೆ ಹಾಕಿಕೊಂಡರೆ ದಾಟುವ ತನಕ ಸಾಕು. ಬರಿ ಹೊಟ್ಟೆಯಲ್ಲೂ ಹೊಟ್ಟೆ ಬಿರಿಯುವಷ್ಟು ಉಂಡೂ ದೋಣಿ ಹತ್ತಬೇಡ. ಸಕ್ಕರೆ ಕಾಯಿಲೆ ಇದ್ದವರು ಬೆಲ್ಲದ ಉಂಡೆ ಬಿಟ್ಟು ಹಸಿಶುಂಠಿಯ ಚೂರು ಅಗಿಯಲಿ.

ಕೊನೆಗೆ ಅತ್ತೆಯವರ ಮಾತು. ಅವರಿಗೆ 'ಏನೂ ಆಗಲ್ಲ ಬಿಡ್ರಿ' ಎನ್ನಬೇಡ. ಏನೂ ಆಗಲ್ಲ ಎಂಬ ಮಾತಿನಿಂದ ಯಾರ ಅಂಜಿಕೆಯೂ ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಬದಲಿಗೆ ಯಾವ ದಿನ ಯಾವ ಹೊಳೆ ದಾಟುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡು. ಕತ್ತಲಾದ ಮೇಲೆ ಹತ್ತುವುದಿಲ್ಲ, ಜನ ತುಂಬಿದ್ದರೆ ಹತ್ತುವುದಿಲ್ಲ, ಜಾಕೆಟ್ ಇಲ್ಲದಿದ್ದರೆ ಹತ್ತುವುದಿಲ್ಲ ಎಂದು ಮಗ ಸೊಸೆ ಇಬ್ಬರೂ ಎದುರಿಗೆ ಕೂತು ಹೇಳಿ. ಆಚೆ ದಡ ಮುಟ್ಟಿದ ಮೇಲೆ ಪ್ರತಿ ಸಲವೂ ಒಂದು ಫೋನ್ ಮಾಡು. ಮನೆಯಲ್ಲಿ ಕೂತು ಕಾಯುವವರಿಗೂ ಹೊಳೆ ದಾಟಬೇಕಾಗುತ್ತದೆ, ಅವರ ಪಾಲಿನ ದಡ ಆ ಫೋನು.

ನಿಮ್ಮವರಿಗೂ ಒಂದು ಮಾತು, ಈ ಪುಟ ಅವರೂ ಓದುತ್ತಾರೆಂದು ನಂಬಿದ್ದೇನೆ. ಹತ್ತು ನಿಮಿಷದ ಹೊಳೆ ಎಂದು ನಗಬೇಡಿಪ್ಪಾ. ಅಂಜುವವಳು ಹಿಂದೆ ಕೂತಿದ್ದರೆ ಎರಡು ಕಣ್ಣು ಹೆಚ್ಚಿಗೆ ಇದ್ದ ಹಾಗೆ.

ಮುಂದಿನ ಸಂಚಿಕೆಯಲ್ಲಿ ಮಾವಿನಮಿಡಿಯ ಬೂಷ್ಟಿಗೂ ಮಾತು ಬಿಟ್ಟ ಸೊಸೆಗೂ ಉತ್ತರ ಬರೆಯುತ್ತೇನೆ. ಉಪ್ಪಿನ ಅಳತೆ ಎಷ್ಟಿತ್ತು ಎಂದು ಮಿಡಿಯವರು ಇನ್ನೊಂದು ಕಾರ್ಡು ಹಾಕಲಿ.

ನಿಮ್ಮ,
ಅಕ್ಕ